ಬೆಲ್ಟಿನ ಕೊನೆಯ ಗೇಣು

ಹಳೆಯ ಕಾರನ್ನು ಪರೀಕ್ಷಿಸುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಬೇಕು. ಕೊಳ್ಳುವವರು ಯಾರೂ ಎಳೆಯುವುದಿಲ್ಲ. ಎದೆಗೆ ಸಾಲುವಷ್ಟು ಎಳೆದು ಸಿಕ್ಕಿಸುತ್ತಾರೆ, ಅಷ್ಟಕ್ಕೇ ತೃಪ್ತರಾಗುತ್ತಾರೆ. ಆದರೆ ಒಳಗೆ, ಸುರುಳಿಯ ಕತ್ತಲಲ್ಲಿ, ಒಂದು ಗೇಣು ಯಾವಾಗಲೂ ಉಳಿದಿರುತ್ತದೆ. ನೆರೆಯಲ್ಲಿ ಮುಳುಗಿದ ಕಾರಾದರೆ ಕೆಸರಿನ ಗೆರೆ ಅಲ್ಲಿ ಸಿಗುತ್ತದೆ. ಮಾರುವವನು ತೊಳೆಯಲು ಮರೆತದ್ದೆಲ್ಲ ಅಲ್ಲಿ ಸಿಗುತ್ತದೆ.

ಥವಿಲ್ ಎಳೆದರು. ಡ್ರೈವರನ ಪಕ್ಕದ ಸೀಟಿನ ಬೆಲ್ಟು.

ಕೆಸರು ಇರಲಿಲ್ಲ. ಕೊನೆಯ ಗೇಣಿನ ತುಂಬ ಕಂದು ಕಲೆ ಇತ್ತು. ಒಣಗಿ, ಬೆಲ್ಟಿನ ನೇಯ್ಗೆಯೊಳಗೆ ಇಳಿದು ಗಟ್ಟಿಯಾಗಿತ್ತು. ಅದರಲ್ಲಿ ಒಂದು ಬಿಳಿಯ ಕೂದಲು ಅಂಟಿಕೊಂಡಿತ್ತು.

ಅವರು ಬೆಲ್ಟನ್ನು ಮೆಲ್ಲಗೆ ಒಳಕ್ಕೆ ಬಿಟ್ಟರು.

"ಏನು ದೊಡ್ಡಪ್ಪ?" ಬಾಗಿಲ ಬಳಿ ನಿಂತಿದ್ದ ಪಿಕುನ್ ಕೇಳಿದಳು. ಮೂವತ್ತೈದರ ಹೆಂಗಸು. ನಖೋನ್ ಸವನ್ ಪೇಟೆಯಲ್ಲಿ ಅವಳದೊಂದು ನೂಡಲ್ ಅಂಗಡಿ. ಈ ಕಾರನ್ನು ಕೊಂಡು ಇಪ್ಪತ್ತು ದಿನವಾಗಿತ್ತು. ೧೯೮೬ರ ಕಾರು, ಕಡು ಹಸಿರು ಬಣ್ಣ, ಮುದ್ದಾದ ದುಂಡು ದೀಪಗಳು.

ಥವಿಲ್ ಕಾರಿನಿಂದ ಹೊರಗೆ ಬಂದರು. ಅವರಿಗೆ ಅರವತ್ತೇಳು, ಊರಿಗೆಲ್ಲ ದೊಡ್ಡಪ್ಪ. ಮೂವತ್ತು ವರ್ಷ ವಾಹನ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಹಳೆಯ ಕಾರು ಕೊಳ್ಳುವವರು ಕರೆದರೆ ಹೋಗಿ ನೋಡಿ ಹೇಳುತ್ತಾರೆ. ಅವರ ಚೀಲದಲ್ಲಿರುವುದು ಇಷ್ಟೆ: ಒಂದು ಟಾರ್ಚು, ಒಂದು ಕನ್ನಡಿ ಚೂರು, ಬಟ್ಟೆ ಸುತ್ತಿದ ಅಯಸ್ಕಾಂತ.

"ಕೊಳ್ಳೋಕೆ ಮುಂಚೆ ನನ್ನ ಯಾಕೆ ಕರೀಲಿಲ್ಲ?" ಎಂದರು.

"ಬಣ್ಣ ಚೆನ್ನಾಗಿತ್ತು ದೊಡ್ಡಪ್ಪ."

"ಬಣ್ಣ! ಯಾವ ಹೊತ್ತಲ್ಲಿ ನೋಡಿದೆ?"

"ಸಂಜೆ. ಆಗಷ್ಟೆ ತೊಳೆದಿದ್ರು."

"ಒದ್ದೆ ಕಾರು ಯಾವತ್ತೂ ಸುಂದರೀನೇ. ಎಂಜಿನ್ ತಣ್ಣಗಿತ್ತಾ?"

"ಇಲ್ಲ. ನಾನು ಹೋಗೋ ಹೊತ್ತಿಗೆ ಸ್ಟಾರ್ಟ್ ಮಾಡಿಟ್ಟಿದ್ರು."

"ತಣ್ಣಗಿರುವಾಗ ಕೆಮ್ಮೋ ಎಂಜಿನ್ನು ಬಿಸಿಯಾದ ಮೇಲೆ ಹಾಡುತ್ತೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು ನಿನ್ನ ಕಥೆ."

"ದೊಡ್ಡಪ್ಪ, ಆ ಬೆಲ್ಟಲ್ಲಿ ಏನು ನೋಡಿದ್ರಿ?"

ಥವಿಲ್ ಕಾರಿನ ಬಾಗಿಲು ಮುಚ್ಚಿದರು.

ಮನೆಯ ಒಳಗಿನಿಂದ ಒಂದು ಸಣ್ಣ ದನಿ ಬಂತು. "ಕಂಡನಾ ಅವನು?"

ಪಿಕುನಳ ತಾಯಿ ಬುನ್‌ಮಾ. ಎಪ್ಪತ್ತೈದರ ಮುದುಕಿ. ಕಿಟಕಿಯ ಬಳಿ ಚಾಪೆಯ ಮೇಲೆ ಕೂತಿದ್ದಳು. ಕಣ್ಣು ಮಂಜು. ಮೂತ್ರಪಿಂಡ ಸೋತಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅದಕ್ಕಾಗಿಯೇ ಈ ಕಾರು. ಮೊದಲ ನಾಲ್ಕು ಸಲ ಅವಳು ಆ ಪಕ್ಕದ ಸೀಟಿನಲ್ಲಿ ಕೂತು ಹೋಗಿ ಬಂದಳು. ಆಮೇಲೆ, ಅದರಲ್ಲಿ ದೆವ್ವವಿದೆಯೆಂದು, ಹತ್ತಲಿಲ್ಲ. ಈಗಾಗಲೇ ಎರಡು ಸರದಿ ತಪ್ಪಿತ್ತು. ಪಾದಗಳು ಹಲಸಿನ ತೊಳೆಯಂತೆ ಊದಿಕೊಂಡಿದ್ದವು. ಶುಕ್ರವಾರವೂ ತಪ್ಪಿದರೆ ಭಾನುವಾರದ ಬಗ್ಗೆ ತಾನು ಏನೂ ಹೇಳಲಾರೆ ಎಂದು ಡಾಕ್ಟರು ಹೇಳಿದ್ದರು.

ಅಂದು ಮಂಗಳವಾರ.

"ರಸ್ತೆ ಉಬ್ಬು ಬಂದಾಗೆಲ್ಲ ನನ್ನ ಕಾಲ ಕೆಳಗೆ ಬಡೀತಾನೆ," ಬುನ್‌ಮಾ ಹೇಳಿದಳು. "ಟಕ್, ಟಕ್. ಬಾಗಿಲು ತಟ್ಟಿದ ಹಾಗೆ."

"ನನ್ನ ಗಾಡೀಲಿ ಕರ್ಕೊಂಡು ಹೋಗ್ತೀನಿ ಬಾ ಅಕ್ಕ."

"ಯಾವ ಗಾಡಿಯಾದ್ರೇನೋ? ಅವನು ನನ್ನ ಕಾಲು ಹಿಡ್ಕೊಂಡಿದ್ದಾನೆ. ನಾನು ಹೋದಲ್ಲೆಲ್ಲ ಬರ್ತಾನೆ. ಅವನು ಯಾರು, ಅವನಿಗೆ ಏನು ಬೇಕು, ಕೇಳ್ಕೊಂಡು ಬಾ. ಅಲ್ಲೀವರೆಗೂ ನಾನು ಈ ಹೊಸ್ತಿಲು ದಾಟಲ್ಲ."

ಪಿಕುನ್ ಮುಖ ಮುಚ್ಚಿಕೊಂಡು ಅತ್ತಳು. ಥವಿಲ್ ಅವಳನ್ನು ಪಕ್ಕಕ್ಕೆ ಕರೆದು ಕಲೆಯ ವಿಷಯ ಹೇಳಿದರು. ಯಾರಿಗೂ ಹೇಳಬೇಡವೆಂದರು. ಆಮೇಲೆ ಪೊಲೀಸ್ ಠಾಣೆಗೆ ಫೋನ್ ಮಾಡಿದರು.

*

ಲೆಫ್ಟಿನೆಂಟ್ ಸಿರಿನ್ ಸಮವಸ್ತ್ರವಿಲ್ಲದೆ ಬಂದಳು. ಹರೆಯದ ಅಧಿಕಾರಿ, ಮಾತು ಚುಟುಕು. ಯಾರಿಗೂ ಸುಳಿವು ಸಿಗಬಾರದೆಂದು ಕಾರನ್ನು ಅಲ್ಲೇ ಬಿಟ್ಟು ಬೆಲ್ಟನ್ನು ಮಾತ್ರ ಬಿಚ್ಚಿಸಿಕೊಂಡು ಹೋದಳು. ಅದರ ಜಾಗದಲ್ಲಿ ಥವಿಲ್ ತಮ್ಮ ಮನೆಯ ಗುಜರಿ ರಾಶಿಯಿಂದ ಅಂಥದೇ ಇನ್ನೊಂದನ್ನು ತಂದು ಹಾಕಿದರು.

ಬುಧವಾರ ಬೆಳಿಗ್ಗೆ ಅವಳು ಮತ್ತೆ ಬಂದಳು.

"ರಕ್ತವೇ. ಮನುಷ್ಯರದೇ. ಆದ್ರೆ ಯಾರದು ದೊಡ್ಡಪ್ಪ? ಕಾಗದದಲ್ಲಿ ಒಬ್ಬರೇ ಮಾಲೀಕರು. ಚಿಯಾಂಗ್ ಮಾಯ್‌ನ ಡಾಕ್ಟರಮ್ಮ. ವಿಚಾರಿಸಿದೆ. ಅವರ ಕಾರು ಮೂರು ವರ್ಷದ ಹಿಂದೆ ಮರಕ್ಕೆ ಗುದ್ದಿ ಗುಜರಿಗೆ ಹೋಯ್ತಂತೆ."

"ಹಾಗಾದ್ರೆ ಇದು ಆ ಕಾರಲ್ಲ. ಅದರ ಹೆಸರು ಹೊತ್ಕೊಂಡಿರೋ ಇನ್ನೊಂದು."

ಥವಿಲ್ ತೋರಿಸಿದರು. ನಂಬರಿನ ತಗಡನ್ನು ಹಿಡಿದ ರಿವೆಟ್ಟುಗಳು ಹೊಸವು. ಚಾಸಿಯ ಮೇಲಿನ ಅಂಕಿಗಳನ್ನು ಉಜ್ಜಿ ಬೇರೆ ಒತ್ತಲಾಗಿತ್ತು. ಗಾಜಿನ ಮೂಲೆಯ ತಯಾರಿಕೆಯ ಗುರುತು ಕಾಗದಕ್ಕಿಂತ ಎರಡು ವರ್ಷ ಹಿಂದಿನದು. ಬಾಗಿಲಿನ ರಬ್ಬರನ್ನು ಉಗುರಿನಿಂದ ಎಬ್ಬಿಸಿದರು. ಹಸಿರಿನ ಕೆಳಗೆ ಕೆನೆಯ ಬಣ್ಣ ಇಣುಕಿತು.

"ಕೊಳ್ಳೋಕೆ ಮುಂಚೆ ಇದನ್ನೆಲ್ಲ ಐದು ನಿಮಿಷದಲ್ಲಿ ನೋಡಬಹುದಿತ್ತು," ಅವರು ನಿಟ್ಟುಸಿರಿಟ್ಟರು.

"ರಕ್ತ ಇದೆ. ಹೆಣ ಇಲ್ಲ. ಹೆಸರಿಲ್ಲ. ನಂಬರೂ ಇಲ್ಲ," ಸಿರಿನ್ ಎಣಿಸಿದಳು. "ಎಲ್ಲಿಂದ ಶುರು ಮಾಡ್ಲಿ?"

"ಮಾರಿದವನಿಂದ."

*

ಕಿಯತ್‌ನ ಹಳೆಯ ಕಾರು ಮಾರುವ ಟೆಂಟು ಹೆದ್ದಾರಿಯ ಬದಿಯಲ್ಲಿತ್ತು. ಬಿಳಿಯ ಟಾರ್ಪಾಲಿನ ಕೆಳಗೆ ನಲವತ್ತು ಕಾರುಗಳು ಹಲ್ಲು ತೋರಿಸುತ್ತ ನಿಂತಿದ್ದವು. ಕಿಯತ್ ಫ್ಯಾನಿನ ಮುಂದೆ ಕೂತು ಐಸ್ ಕಾಫಿ ಹೀರುತ್ತಿದ್ದ.

"ಅಯ್ಯೋ, ಬಂದ್ರಪ್ಪ ಅಯಸ್ಕಾಂತದ ಅಯ್ಯನೋರು! ನಿಮ್ಮ ದೃಷ್ಟಿ ಬಿದ್ರೆ ನನ್ನ ಒಂದು ಕಾರಿಗೂ ಮದುವೆ ಆಗಲ್ಲ."

"ಪಿಕುನ್‌ಗೆ ಮಾರಿದ ಹಸಿರು ಕಾರು ಎಲ್ಲಿಂದ ಬಂತು ಯಜಮಾನ್ರೇ?"

ಹೀರುವ ಸದ್ದು ನಿಂತಿತು. "ಲಂಪಾಂಗ್ ಹರಾಜಿನಿಂದ. ಯಾಕೆ? ವಾಪಸ್ ತಗೋತೀನಿ ಅಂತ ಅವಳಿಗೆ ದಿನಾ ಫೋನ್ ಮಾಡ್ತಿದ್ದೀನಲ್ಲ. ಕೊಟ್ಟಷ್ಟೂ ಕೊಡ್ತೀನಿ."

"ಟೆಂಟಿನವನು ದುಡ್ಡು ವಾಪಸ್ ಕೊಡೋದಾ? ಸೂರ್ಯ ಯಾವ ಕಡೆ ಹುಟ್ಟಿದ?"

ಕಿಯತ್ ನಗಲಿಲ್ಲ. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಫ್ಯಾನಿನ ಎದುರಿಗೇ ಬೆವರುತ್ತಿದ್ದ. "ಯಾರೋ ಫೋನ್ ಮಾಡಿದ್ರು. ಅದೇ ಕಾರು ಬೇಕಂತೆ. ಹೆಚ್ಚಿಗೆ ಕೊಡ್ತಾರಂತೆ."

"ಯಾರು?"

"ಹೆಸರು ಹೇಳಲಿಲ್ಲ. ಈಗ ಆ ನಂಬರು ಸತ್ತಿದೆ."

"ಹಸಿರು ಬಣ್ಣ ನೀವೇ ಹೊಡೆಸಿದ್ದಾ?"

"ನನ್ನ ಅಪ್ಪನಾಣೆ ಇಲ್ಲ! ಬಂದದ್ದೇ ಹಾಗೆ. ಒಳಗೆ ಚಾವಣಿಗೆ ಹಾಕಿರೋ ಹೊಸ ಬಟ್ಟೇನೂ ಅಷ್ಟೆ. ನಾನು ತೊಳೆಸಿದ್ದು, ಎಂಜಿನ್ ಬಿಸಿ ಮಾಡಿದ್ದು, ಎರಡೇ ಪಾಪ. ದೊಡ್ಡಣ್ಣ, ಆ ಕಾರಲ್ಲಿ ಏನಿದೆ? ನಿಜ ಹೇಳಿ."

ಹೊರಗೆ ಬಂದ ಮೇಲೆ ಸಿರಿನ್ ಹೇಳಿದಳು. "ಹೆಸರಿಲ್ಲದ ಗಿರಾಕಿ. ಸತ್ತ ನಂಬರು. ಈ ಮನುಷ್ಯ ಸುಳ್ಳು ಹೇಳ್ತಿದ್ದಾನೆ."

"ಇರಬಹುದು. ಹೆದರಿದ್ದಂತೂ ನಿಜ."

*

ಮಾನೊಪ್‌ನ ಗ್ಯಾರೇಜು ಪಿಕುನಳ ಮನೆಯಿಂದ ಮೂರನೆಯ ಓಣಿಯಲ್ಲಿತ್ತು. ನಲವತ್ತರ ಮೆಕ್ಯಾನಿಕ್. ಮೃದು ಮಾತಿನವ. ಹಳೆಯ ಕಾರುಗಳ ಮೇಲೆ ಕೈಯಾಡಿಸಿ ರೋಗ ಹೇಳುವವನೆಂದು ಹೆಸರಾದವನು. ಪಿಕುನ್ ಕಾರು ತಂದ ಮರುದಿನ ಅವನಿಗೇ ತೋರಿಸಿದ್ದಳು. ಥವಿಲ್ ಹೋದಾಗ ಅವನು ಒಂದು ಹಲಗೆಯ ಮೇಲೆ ಬೆನ್ನು ಹಾಕಿ ಗಾಡಿಯೊಂದರ ಕೆಳಗೆ ತೆವಳಿಕೊಂಡಿದ್ದ.

"ಇಲ್ಲಿ ಒಂದು ಗುಂಡಿ ಇತ್ತಲ್ಲೋ? ಇಳಿದು ನಿಂತ್ಕೊಂಡು ಕೆಲಸ ಮಾಡ್ತಿದ್ದೆ."

ಮಾನೊಪ್ ಹೊರಗೆ ಜಾರಿ ಬಂದ. "ಮುಚ್ಚಿಸಿಬಿಟ್ಟೆ ದೊಡ್ಡಪ್ಪ. ನೆರೆ ಬಂದಾಗೆಲ್ಲ ಬಾವಿ ಆಗ್ತಿತ್ತು. ಕೂತ್ಕೊಳ್ಳಿ, ತಣ್ಣಗೆ ಏನಾದ್ರೂ ತರಿಸ್ತೀನಿ."

ಗುಂಡಿ ಇದ್ದ ಕಡೆ ನೆಲದ ಸಿಮೆಂಟು ನುಣ್ಣಗಿತ್ತು. ಅದರ ಒಂದು ತುದಿಯಲ್ಲಿ ಒಂದು ಬಾಟಲಿ ಕೆಂಪು ಸೋಡಾ. ಬಾಯಲ್ಲಿ ಹೀರುಗೊಳವೆ. ಪಕ್ಕದಲ್ಲಿ ಉರಿದು ಮುಗಿದ ಊದುಕಡ್ಡಿಗಳು. ಯಾವ ಗ್ಯಾರೇಜಿನಲ್ಲಿ ಇರುವುದಿಲ್ಲ ಅಂಥ ನೈವೇದ್ಯ? ಥವಿಲ್ ನೋಡಿಯೂ ನೋಡದಂತೆ ಕೂತರು.

"ಪಿಕುನಳ ಕಾರು ಹೇಗಿದೆ?"

"ಎಂಜಿನ್ ಪರವಾಗಿಲ್ಲ." ಅವನು ದನಿ ತಗ್ಗಿಸಿದ. "ಆದ್ರೆ ಅದ್ರಲ್ಲಿ ಯಾರೋ ಇದ್ದಾರೆ ದೊಡ್ಡಪ್ಪ. ಕೂತ ತಕ್ಷಣ ಮೈ ತಣ್ಣಗಾಗುತ್ತೆ. ಬುನ್‌ಮಾ ದೊಡ್ಡಮ್ಮನಿಗೆ ಅವತ್ತೇ ಹೇಳ್ದೆ. ವಾಪಸ್ ಕೊಟ್ಬಿಡಿ ಅಂತ ಕೈಮುಗಿದೆ. ಮುದುಕರ ಜೀವ, ಯಾಕೆ ಬೇಕು?"

"ನೀನಾ ಹೇಳಿದ್ದು ಅವಳಿಗೆ?"

"ಅವರ ಒಳ್ಳೇದಕ್ಕೇ. ಕೆಳಗೆ ಏನೋ ಬಡಿಯುತ್ತಂತಲ್ಲ, ನೀವು ಬಿಚ್ಚಿ ನೋಡಿದ್ರಾ?"

"ಇಲ್ಲ."

ಸುಳ್ಳಲ್ಲ. ಇನ್ನೂ ನೋಡಿರಲಿಲ್ಲ.

*

ಅಂದೇ ಮಧ್ಯಾಹ್ನ ಅವರು ನೋಡಿದರು.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಎಡಬಾಗಿಲಿನ ಕೆಳಗಿನ ಅಂಚಿನುದ್ದಕ್ಕೂ ಜಾರಿಸುತ್ತ ಹೋದರು. ಕಬ್ಬಿಣವಿದ್ದಲ್ಲಿ ಅದು ಅಂಟಿ ಅಂಟಿ ನಡೆಯಿತು. ಒಂದು ಕಡೆ ಹಿಡಿತ ಬಿಟ್ಟು ಕೈಗೇ ಬಿತ್ತು. ಅಲ್ಲಿ ಕಬ್ಬಿಣವಿಲ್ಲ, ಬರೀ ಪುಟ್ಟಿ. ತುಕ್ಕು ತಿಂದ ತೂತನ್ನು ತುಂಬಿ ಬಣ್ಣ ಬಳಿಯಲಾಗಿತ್ತು. ಪಿಕುನ್ ತಂದುಕೊಟ್ಟ ಉಳಿಯಿಂದ ಕುಟ್ಟಿದರು. ಪುಟ್ಟಿ ಉದುರಿತು. ಟೊಳ್ಳಿನೊಳಗಿನಿಂದ ಏನೋ ಉರುಳಿ ಬಂದು ಅವರ ಅಂಗೈಗೆ ಬಿತ್ತು.

ತಾಯಿತ. ಕಿರುಬೆರಳಿನ ಉದ್ದದ ಬೆಳ್ಳಿಯ ಕೊಳವೆ. ತುಂಡಾದ ಸರಪಳಿ. ಅದರ ಕೊಂಡಿಗೆ ಸುತ್ತಿದ ಕೆಂಪು ನೂಲು.

ಟಕ್, ಟಕ್ ಎಂದು ಬಾಗಿಲು ತಟ್ಟಿದ್ದು ಇದು.

ಪಿಕುನ್ ಹಿಂದೆ ಸರಿದಳು. "ಅಮ್ಮನಿಗೆ ತೋರಿಸ್ಲಾ?"

"ಬೇಡ. ಇದು ಏನು ಅಂತ ಗೊತ್ತಾಯ್ತು. ಯಾರದು ಅಂತ ಗೊತ್ತಿಲ್ಲ. ಅರ್ಧ ಉತ್ತರ ತಗೊಂಡು ಅವಳ ಮುಂದೆ ನಿಲ್ಲೋಕೆ ನನಗೆ ಧೈರ್ಯ ಇಲ್ಲ."

ಅವರು ಕಾರಿನೊಳಗೆ ಕೂತು ಸುಮ್ಮನೆ ನೋಡಿದರು. ಪೆಡಲಿನ ರಬ್ಬರು ಸವೆದಿತ್ತು. ಸೀಟಿನ ಬಟ್ಟೆ ಮಾಸಿತ್ತು. ತಲೆಯ ಮೇಲಿನ ಬಟ್ಟೆ ಮಾತ್ರ ಹೊಚ್ಚ ಹೊಸದು. ಥವಿಲ್ ಬೆರಳಿನಿಂದ ಒತ್ತಿದರು. ಮೆತ್ತಗೆ ದಪ್ಪವಾಗಿ ಒಳಕ್ಕೆ ಹೋಯಿತು. ಹುಬ್ಬು ಗಂಟಿಕ್ಕಿದರು. ಒಂದು ಬದಿಯ ಹೊಲಿಗೆ ಬಿಡಿಸಿದರು.

ಹೊಸ ಬಟ್ಟೆಯ ಮೇಲುಗಡೆ ಹಳೆಯ ಬಟ್ಟೆ ಹಾಗೆಯೇ ಇತ್ತು.

ಕೆಲಸ ಬಲ್ಲವನು ಯಾರೂ ಹೀಗೆ ಮಾಡುವುದಿಲ್ಲ. ಹಳೆಯದನ್ನು ಕಿತ್ತು, ತಗಡನ್ನು ಉಜ್ಜಿ, ಹೊಸದನ್ನು ಕೂರಿಸಬೇಕು. ಇಲ್ಲವಾದರೆ ಒಂದು ಬೇಸಿಗೆಯಲ್ಲಿ ಎರಡೂ ಜೋತುಬೀಳುತ್ತವೆ. ಆದರೆ ಈ ಹೊಲಿಗೆ ಕಸುಬುದಾರನದು. ಬಲ್ಲವನೇ ಬೇಕೆಂದು ತಪ್ಪು ಮಾಡಿದ್ದ.

ಟಾರ್ಚು ಹಾಕಿದರು. ಡ್ರೈವರನ ತಲೆಯ ನೇರಕ್ಕೆ ಹಳೆಯ ಬಟ್ಟೆಯ ಮೇಲೆ ಬಿಳಿಯ ಬೊಟ್ಟುಗಳು, ಮೂರು ಸಾಲು. ನಡುವೆ ಅಂಟಿಸಿದ ಚಿನ್ನದ ರೇಕು, ಕತ್ತಲಲ್ಲಿ ಒಂದು ಚೂರು ಸಂಜೆಯ ಹಾಗೆ.

ಗಾಡಿಯಲ್ಲಿ ನೆಲೆಸಿ ಕಾಯುವ ಗಾಡಿತಾಯಿಗೆ ಭಿಕ್ಷುಗಳು ಇಟ್ಟ ರಕ್ಷೆ. ಪಿಕುನಳ ಕೈಗಳು ತಾವಾಗಿಯೇ ಮುಗಿದುಕೊಂಡವು.

ಥವಿಲ್ ಇನ್ನೂ ಹತ್ತಿರ ಬಾಗಿದರು. "ಬೊಟ್ಟು ಇಡೋದು ತೋರುಬೆರಳಿಂದ. ಇವು ನೋಡು, ಎಷ್ಟು ದೊಡ್ಡವು. ಇದು ಹೆಬ್ಬೆಟ್ಟು."

ಅವರು ಬಟ್ಟೆಯನ್ನು ಮೊದಲಿನಂತೆಯೇ ಪಿನ್ನು ಚುಚ್ಚಿ ಮುಚ್ಚಿದರು.

*

ತೋರುಬೆರಳಿಲ್ಲದ ಭಿಕ್ಷುವನ್ನು ಹುಡುಕುವುದು ಕಷ್ಟವಾಗಲಿಲ್ಲ. ಗುರುವಾರ ಬೆಳಿಗ್ಗೆ ಥವಿಲ್ ಮತ್ತು ಸಿರಿನ್ ಚುಮ್‌ಸೇಂಗ್ ಬಳಿಯ ನದೀತೀರದ ವಿಹಾರದಲ್ಲಿ ಕೂತಿದ್ದರು. ಮುದಿ ಭಿಕ್ಷು ಕೈಯೆತ್ತಿ ತೋರಿಸಿದರು. ಹಾವು ಕಚ್ಚಿ ಬೆರಳು ಹೋಗಿತ್ತು.

"ಬೆರಳು ಹೋದ ಮೇಲೆ ಕಾರಿಗೆ ಬೊಟ್ಟಿಟ್ಟದ್ದು ಐದೋ ಆರೋ ಸಲ. ಹಸಿರು ಕಾರು ಯಾವುದೂ ಇಲ್ಲವಪ್ಪ."

"ಕೆನೆ ಬಣ್ಣ, ಭಂತೇ. ಹಳೆಯದು. ದುಂಡು ದೀಪ."

ಭಿಕ್ಷುವಿನ ಮುಖ ಬದಲಾಯಿತು. "ಅದು ಬಂಚೊಂಗ್ ಗಾರ್ಡನದು. ರೈಲ್ವೆಯಲ್ಲಿದ್ದ. ಮಗುವಿನ ಹಾಗೆ ಸಾಕಿದ್ದ ಆ ಕಾರನ್ನ. ಕಾರಿನ ಜೊತೆಗೇ ಕಾಣೆಯಾದ. ಹದಿನಾಲ್ಕು ತಿಂಗಳಾಯ್ತು."

ಬಂಚೊಂಗ್‌ನ ಹೆಂಡತಿ ಲಮೈ ರೈಲುಹಳಿಯ ಪಕ್ಕದ ಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದಳು. ಪೊಲೀಸ್ ಎಂದೊಡನೆ ಚಾಕು ಕೆಳಗಿಟ್ಟಳು.

"ಸಿಕ್ಕಿದ್ರಾ? ಇನ್ನೊಬ್ಬಳ ಜೊತೆ ಓಡಿಹೋದ್ರು ಅಂತ ಊರೆಲ್ಲ ಹೇಳುತ್ತೆ. ಎಲ್ಲಿದ್ದಾಳೆ ಅವಳು? ಚೆನ್ನಾಗಿದ್ದಾಳಾ?"

ಸಿರಿನ್ ತಾಯಿತವನ್ನು ಮುಂದಿಟ್ಟಳು.

ಲಮೈ ಅದನ್ನು ಮುಟ್ಟಲಿಲ್ಲ. ಕೆಂಪು ನೂಲನ್ನೇ ನೋಡಿದಳು. "ಇದು ನಾನು ಸುತ್ತಿದ್ದು. ಕೊಂಡಿ ಸಡಿಲ ಆಗಿತ್ತು." ಮಾವಿನಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಹದಿನಾಲ್ಕು ತಿಂಗಳು ದಿನಾ ಬೈದಿದ್ದೀನಿ ಅವರನ್ನ."

"ಕೊನೇ ದಿನ ಎಲ್ಲಿಗೆ ಹೋದ್ರು ಅಕ್ಕ?" ಥವಿಲ್ ಕೇಳಿದರು.

"ನಖೋನ್ ಸವನ್‌ಗೆ. ರಿಪೇರಿಯಿಂದ ಬಂದಾಗಿನಿಂದ ಒಂದೇ ಗೊಣಗಾಟ. ‘ಇದು ನನ್ನ ಎಂಜಿನ್ ಅಲ್ಲ ಲಮೈ, ಉಸಿರಾಟವೇ ಬೇರೆ, ಯಾರೋ ಬದಲಾಯಿಸಿದ್ದಾರೆ’ ಅಂತ. ಕೇಳ್ಕೊಂಡು ಬರ್ತೀನಿ ಅಂತ ಹೋದ್ರು. ಯಾವ ಗ್ಯಾರೇಜು ಅಂತ ನಾನು ಕೇಳಲಿಲ್ಲ."

ಥವಿಲ್‌ರ ಜೇಬಿನಲ್ಲಿ ಫೋನು ಬಡಿಯಿತು. ಪಿಕುನ್.

"ದೊಡ್ಡಪ್ಪ, ಬೇಗ ಬನ್ನಿ. ನಾನು ಅಂಗಡೀಲಿದ್ದೆ. ಅಮ್ಮ ಒಬ್ಬಳೇ ಇದ್ದಳು. ಅವನು ಬಂದಿದ್ನಂತೆ."

*

ಬುನ್‌ಮಾ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿಯಾಗಿತ್ತು. ಎಲೆಯಡಿಕೆಯ ತಟ್ಟೆ ಮಗುಚಿ ಬಿದ್ದಿತ್ತು.

"ನಡು ಹಗಲು ಕಣೋ. ಕಾರಿನ ಬಾಗಿಲು ತೆಗೆದ ಸದ್ದು. ಕಿಟಕಿಯಿಂದ ನೋಡ್ದೆ. ಗಂಡಸಿನ ನೆರಳು. ಒಳಗೆ ಕೂತ. ಆಮೇಲೆ ಕೆಳಗೆ ಬಗ್ಗಿ ಅಲ್ಲೇ ತಡಕಿದ, ನನ್ನ ಕಾಲಿಡೋ ಜಾಗ. ನಾನು ಕಿರುಚಿದೆ. ಮಾಯವಾದ."

"ಮುಖ ಕಾಣ್ತಾ?"

"ನನ್ನ ಕಣ್ಣಿಗೆ ನಿನ್ನ ಮುಖವೇ ಕಾಣಲ್ಲ. ಆದ್ರೆ ಒಂದು. ಕೂತ ತಕ್ಷಣ ತಲೆ ಮೇಲೆತ್ತಿ ಕೈಮುಗಿದ."

"ಮೇಲೆತ್ತಿ?"

"ಹೂಂ. ಹೀಗೆ." ಊದಿದ ಕೈಗಳನ್ನು ಜೋಡಿಸಿ ಹಣೆಯ ಮೇಲಕ್ಕೆ ಎತ್ತಿ ತೋರಿಸಿದಳು. "ನಾಳೆ ಶುಕ್ರವಾರ ಅಂತ ಗೊತ್ತು. ಪಿಕುನ್ ಕಾಲು ಹಿಡ್ಕೊಂಡು ಅಳ್ತಾಳೆ. ಆದ್ರೆ ನಾನು ಬರಲ್ಲ. ಹೆದರಿಕೆ ಕಣೋ. ಸಾಯೋದಕ್ಕಿಂತ ಹೆದರಿಕೆ."

ಥವಿಲ್ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಅಕ್ಕ, ದೆವ್ವ ಯಾರಿಗಾದ್ರೂ ಕೈಮುಗಿಯುತ್ತಾ?"

ಬುನ್‌ಮಾ ಯೋಚಿಸಿದಳು. "ಇಲ್ಲ. ನಾವು ಅದಕ್ಕೆ ಮುಗೀತೀವಿ."

"ಹಾಗಾದ್ರೆ ಬಂದವನು ನಮ್ಮವನೇ. ನಮ್ಮ ಹಾಗೇ ಹೆದರಿದವನು. ನಾಳೆ ಹತ್ತು ಗಂಟೆಯವರೆಗೆ ಸಮಯ ಕೊಡು."

*

ಶುಕ್ರವಾರ ಬೆಳಿಗ್ಗೆ ಎಂಟು. ಠಾಣೆಯ ಅಂಗಳದಲ್ಲಿ ಹಸಿರು ಕಾರು ನಿಂತಿತ್ತು. ಕನ್ನಡಿಗೆ ಹೊಸ ಮಲ್ಲಿಗೆಯ ಹಾರ ತೂಗುತ್ತಿತ್ತು. ಸಿರಿನ್ ಇಬ್ಬರನ್ನು ಕರೆಸಿದ್ದಳು: ಕಿಯತ್, ಮಾನೊಪ್. ಆ ಕಾರು ಪಿಕುನಳ ಅಂಗಳ ಬಿಟ್ಟು ಹೋಗಲಿ ಎಂದು ಬಯಸಿದವರು ಇಬ್ಬರೇ.

"ಕಾರನ್ನ ವಾಪಸ್ ಕೊಡಿಸ್ತಿದ್ದೀವಿ," ಅವಳು ಹೇಳಿದಳು. "ಒಬ್ಬೊಬ್ಬರಾಗಿ ಕೂತು ಸ್ಟಾರ್ಟ್ ಮಾಡಿ ಹೇಗಿದೆ ಹೇಳಿ. ಬರ್ಕೊಂಡು ಬಿಡ್ತೀನಿ."

ಕಿಯತ್ ಮೊದಲು ಕೂತ. ಹಾರಕ್ಕೆ ಕೈಮುಗಿದ. "ತಾಯಿ, ನನ್ನ ಟೆಂಟಿಗೆ ಬಂದ ಮೇಲೆ ಯಾರನ್ನೂ ಹೆದರಿಸಬೇಡವ್ವಾ," ಎಂದ. ಕೀ ತಿರುಗಿಸಿದ. ಎಂಜಿನ್ ಕೆಮ್ಮಿ ಎದ್ದಿತು. ಇಳಿದ.

ಮಾನೊಪ್ ಕೂತ.

ಥವಿಲ್ ಕಿಟಕಿಯ ಹತ್ತಿರಕ್ಕೆ ಬಂದರು. ಅವರಿಗೂ ಭಯವಾಗಿತ್ತು. ತಪ್ಪಾದರೆ ಹತ್ತು ಗಂಟೆಗೆ ಬುನ್‌ಮಾಳಿಗೆ ಹೇಳಲು ಅವರ ಬಳಿ ಏನೂ ಇರುತ್ತಿರಲಿಲ್ಲ.

ಮಾನೊಪ್ ಹಾರವನ್ನು ನೋಡಲಿಲ್ಲ. ತಲೆಯೆತ್ತಿದ. ಮೇಲಿನ ಬರಿಯ ಹೊಸ ಬಟ್ಟೆಯ ಕಡೆಗೆ, ಡ್ರೈವರನ ತಲೆಯ ನೇರಕ್ಕೆ, ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದ. ಆಮೇಲೆ ಕೀಗೆ ಕೈ ಹಾಕಿದ.

"ಮಾನೊಪ್," ಥವಿಲ್ ಮೆತ್ತಗೆ ಕರೆದರು. "ಹೂವು ಮುಂದಿದೆ. ನೀನು ಮುಗಿದದ್ದು ಎಲ್ಲಿಗೆ?"

ಕೈ ಕೀಯ ಮೇಲೆಯೇ ನಿಂತಿತು.

"ಅಭ್ಯಾಸ ದೊಡ್ಡಪ್ಪ."

"ಪಿಕುನ್ ಇನ್ನೂ ಈ ಕಾರಿಗೆ ಬೊಟ್ಟು ಇಡಿಸಿಲ್ಲ. ಮೇಲೆ ಬಟ್ಟೆ ಬಿಟ್ಟು ಏನೂ ಕಾಣಲ್ಲ. ಏನಿದೆ ಅಲ್ಲಿ?"

ಥವಿಲ್ ಕಿಟಕಿಯಿಂದ ಕೈ ಹಾಕಿ ಪಿನ್ನು ಕಿತ್ತರು. ಹೊಸ ಬಟ್ಟೆ ಜಾರಿ ಮಾನೊಪ್‌ನ ಭುಜದ ಮೇಲೆ ಬಿತ್ತು. ಬೆಳಗಿನ ಬಿಸಿಲಿಗೆ ಚಿನ್ನದ ರೇಕು ಹೊಳೆಯಿತು.

ಮಾನೊಪ್ ಬಾಗಿ ಸ್ಟಿಯರಿಂಗಿಗೆ ಹಣೆ ಹಚ್ಚಿದ. "ತಾಯಿ, ತಾಯಿ," ಎಂದ.

"ಗುಂಡಿಯಲ್ಲಿದ್ದಾರಾ ಅವರು?"

ಅವನು ಹೌದೆಂದು ತಲೆಯಾಡಿಸಿದ.

*

"ನನಗಿನ್ನೂ ಪೂರ್ತಿ ತಿಳೀಲಿಲ್ಲ," ಸಿರಿನ್ ಹೇಳಿದಳು. ಅವಳ ಜನ ಗುದ್ದಲಿ ಹಿಡಿದು ಗ್ಯಾರೇಜಿಗೆ ಹೊರಟಿದ್ದರು.

"ಬಂಚೊಂಗ್ ಕಾರನ್ನ ಇವನ ಹತ್ರ ರಿಪೇರಿಗೆ ಬಿಟ್ಟಿದ್ರು," ಎಂದರು ಥವಿಲ್. "ಇವನು ಮೂಲದ ಎಂಜಿನ್ ತೆಗೆದು ಇನ್ಯಾರಿಗೋ ಮಾರಿ, ಸವಕಲು ಎಂಜಿನ್ ಕೂರಿಸಿದ. ಹಳೇ ಕಾರಿನವರಿಗೆ ಅದರ ಉಸಿರು ಗೊತ್ತಿರುತ್ತೆ. ಕೇಳೋಕೆ ಬಂದ್ರು. ಓಡಿಸಿ ತೋರಿಸ್ತೀನಿ ಅಂತ ಪಕ್ಕದ ಸೀಟಲ್ಲಿ ಕೂರಿಸ್ಕೊಂಡ. ಮಾತು ಬೆಳೀತು. ಬೆಲ್ಟು ಪೂರ್ತಿ ಈಚೆ ಬಂದಿತ್ತು ಅಂದ್ರೆ ಅದು ಎದೆ ಮೇಲಿರಲಿಲ್ಲ, ಕುತ್ತಿಗೆಗೆ ಸುತ್ತಿತ್ತು. ತಲೆಗೂ ಪೆಟ್ಟು ಬಿದ್ದಿರಬೇಕು. ಆ ಎಳೆದಾಟದಲ್ಲಿ ಸರಪಳಿ ಹರಿದು ತಾಯಿತ ತೂತಿನೊಳಗೆ ಹೋಯ್ತು. ಇವನಿಗೆ ಗೊತ್ತಾಗಲೇ ಇಲ್ಲ. ಪುಟ್ಟಿ ತುಂಬಿದ. ಬೆಲ್ಟು ತೊಳೆದ, ಕೊನೇ ಗೇಣು ಸುರುಳಿಯೊಳಗೆ ಉಳೀತು."

"ಆಮೇಲೆ ಹಸಿರು ಬಣ್ಣ, ಗುಜರಿಗೆ ಹೋದ ಕಾರಿನ ಕಾಗದ, ದೂರದ ಲಂಪಾಂಗ್."

"ಹೂಂ. ಆದ್ರೆ ಹಳೇ ಕಾರುಗಳು ಸುತ್ತಿ ಸುತ್ತಿ ಬರ್ತವೆ. ಹರಾಜು, ಟೆಂಟು, ಪಿಕುನ್. ಒಂದು ದಿನ ಬಂದು ಇವನ ಗ್ಯಾರೇಜಿನ ಬಾಗಿಲಲ್ಲೇ ನಿಂತಿತು. ಆವತ್ತಿನಿಂದ ಇವನಿಗೆ ನಿದ್ದೆ ಇಲ್ಲ. ಕಿಯತ್‌ಗೆ ಹೆಸರಿಲ್ಲದ ಫೋನ್ ಮಾಡಿದವನು ಇವನೇ. ಬುನ್‌ಮಾಗೆ ದೆವ್ವದ ಕಥೆ ಹೇಳಿದವನೂ ಇವನೇ. ನಿನ್ನೆ, ಬಡಿಯೋದು ಏನು ಅಂತ ಹುಡುಕೋಕೆ ಬಂದ."

"ಗುಂಡಿ ಹೇಗೆ ಗೊತ್ತಾಯ್ತು?"

"ಕೆಂಪು ಸೋಡಾ. ನಾವು ಅದನ್ನ ಗುಡಿ ಮುಂದೆ ಇಡ್ತೀವಿ. ಅಲ್ಲಿ ಗುಡಿ ಇರಲಿಲ್ಲ. ಬರೀ ನೆಲಕ್ಕೆ, ಮುಚ್ಚಿದ ಗುಂಡಿಗೆ ಇಟ್ಟಿದ್ದ. ಇಡೋದು ನೋಡಿ ನೋಡಿ ನಮಗೆ ಕಾಣೋದೇ ನಿಂತುಹೋಗಿದೆ. ನನಗೂ ನಿನ್ನೆ ರಾತ್ರಿಯೇ ಹೊಳೆದದ್ದು."

ಕಿಯತ್ ಬಾಯಿ ತೆರೆದು ಕೇಳುತ್ತಿದ್ದ. "ಆ ಹಳೇ ಬಟ್ಟೆ ಕಿತ್ತು ಬೆಂಕಿಗೆ ಹಾಕಿದ್ರೆ ಮುಗೀತಿತ್ತಲ್ಲ ದೊಡ್ಡಣ್ಣ?"

"ಮುಗೀತಿತ್ತು. ನಂಬರು ಉಜ್ಜಿದ, ಬಣ್ಣ ಅಳಿಸಿದ, ಮನುಷ್ಯನನ್ನೇ ಅಳಿಸಿದ. ಆ ಬೊಟ್ಟುಗಳನ್ನ ಅಳಿಸೋಕೆ ಕೈ ಬರಲಿಲ್ಲ. ತಾಯಿ ನೋಡ್ತಾಳೆ ಅಂತ ಬಟ್ಟೆ ಮುಚ್ಚಿದ. ಮುಚ್ಚಿದ ಮೇಲೂ ನೋಡ್ತಿದ್ದಾಳೆ ಅಂತ ಕೈಮುಗಿದ." ಥವಿಲ್ ಕಾರಿನ ಕಡೆ ನೋಡಿದರು. "ನೀನಾದ್ರೆ ಕೀಳ್ತಿದ್ದೆಯಾ?"

ಕಿಯತ್ ಕಾರಿನ ಕಡೆಗೆ ಕೈಮುಗಿದ. "ಇಲ್ಲ."

*

ಒಂಬತ್ತೂವರೆ. ಥವಿಲ್ ಬುನ್‌ಮಾಳ ಎದುರಿಗೆ ಕೂತು ಬೆಲ್ಟಿನ ಕಲೆ, ತಾಯಿತ, ಎಲ್ಲ ಹೇಳಿದರು.

"ಅವರ ಹೆಸರು ಬಂಚೊಂಗ್. ರೈಲ್ವೆ ಗಾರ್ಡು. ಚುಮ್‌ಸೇಂಗ್‌ನವರು. ಹೆಂಡತಿ ಲಮೈ."

"ಏನು ಬೇಕಂತೆ?"

"ಮನೆಗೆ ಹೋಗಬೇಕಿತ್ತು. ಇವತ್ತು ಹೋಗ್ತಾರೆ. ಲಮೈ ವಿಹಾರದಲ್ಲಿ ಎಲ್ಲ ಏರ್ಪಾಡು ಮಾಡ್ತಿದ್ದಾಳೆ."

"ಅಷ್ಟೇನಾ?"

"ಅಷ್ಟೆ ಅಕ್ಕ."

ಮುದುಕಿ ತನ್ನ ಊದಿದ ಪಾದಗಳನ್ನು ಸವರಿದಳು. "ಪಾಪ," ಎಂದಳು. "ನಾನೊಬ್ಬಳೇ ಕೇಳಿಸ್ಕೊಳ್ಳೋಳು ಅಂತ ನನ್ನ ಕಾಲು ತಟ್ಟಿದ್ನೇನೋ. ನಾನೋ, ಕಿರುಚಿದೆ." ಆಮೇಲೆ ಮಗಳ ಕಡೆ ತಿರುಗಿದಳು. "ಏನೇ ನೋಡ್ತಾ ನಿಂತೆ? ನನ್ನ ಶಾಲು ಕೊಡೇ, ಹೊತ್ತಾಯ್ತು."

ಅಂಗಳದಲ್ಲಿ ಹಸಿರು ಕಾರು ಇರಲಿಲ್ಲ. ಅಲ್ಲಿ ಥವಿಲ್‌ರ ಹಳೆಯ ಪಿಕಪ್ಪು ನಿಂತಿತ್ತು. ಪಿಕುನ್ ಮತ್ತು ಅವರು ಇಬ್ಬರೂ ಸೇರಿ ಬುನ್‌ಮಾಳನ್ನು ಎತ್ತಿ ಪಕ್ಕದ ಸೀಟಿನಲ್ಲಿ ಕೂರಿಸಿದರು. ಪಿಕುನ್ ಬೆಲ್ಟಿಗೆ ಕೈ ಚಾಚಿದಳು.

"ಬಿಡು. ನಾನೇ."

ಬುನ್‌ಮಾ ಬೆಲ್ಟನ್ನು ಎಳೆದಳು. ಎದೆಯನ್ನು ದಾಟಿಸಿ ಎಳೆದಳು. ಮಡಿಲು ತುಂಬುವಷ್ಟು ಎಳೆದಳು. ಇನ್ನು ಬರುವುದಿಲ್ಲ ಎಂದು ಅದು ನಿಲ್ಲುವವರೆಗೂ ಎಳೆದು, ಕೊನೆಯ ಗೇಣನ್ನು ಮಂಜುಗಣ್ಣಿನ ಹತ್ತಿರಕ್ಕೆ ತಂದಳು. ಕಾಣಲಿಲ್ಲ. ಊದಿದ ಬೆರಳುಗಳಿಂದ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸವರಿ ನೋಡಿದಳು.

"ಧೂಳು ಮಾತ್ರ ಕಣೋ," ಎಂದಳು. "ಹೊರಡು."